ವಿದ್ಯುತ್ತು ನೀರನ್ನು ಶುದ್ಧಗೊಳಿಸೀತು, ಗೊಬ್ಬರವನ್ನೂ ಕೊಟ್ಟೀತೇ?

ಕರ್ನಾಟಕ ಬಿಟ್ಟು ಬಂದು ಗಾಜಿನ ಮನೆಯ ಬೇಸಾಯಕ್ಕೆ ಇಳಿದ ಮೇಲೆ, ಗಿಡಗಳ ಬುಡದಿಂದ ಬಸಿದ ನೀರನ್ನು ಚೆಲ್ಲದೆ ಮತ್ತೆ ಹಾಯಿಸುವ ಪದ್ಧತಿಗೆ ನಾನು ಒಗ್ಗಿಕೊಳ್ಳಬೇಕಾಯಿತು. ಹೀಗೆ ಸುತ್ತುವ ನೀರಿನೊಡನೆ ಪಿಥಿಯಂ, ಫೈಟಾಫ್ಥೊರಾದಂತಹ ಬೇರುಕೊಳೆ ರೋಗಾಣುಗಳೂ ಸುತ್ತುವುದರಿಂದ, ನಡುವೆ ಎಲ್ಲಾದರೂ ಅವುಗಳನ್ನು ಕೊಲ್ಲಲೇಬೇಕು.

ನಾನು ಮೊದಲಿನಿಂದ ಬಲ್ಲ ದಾರಿಯೆಂದರೆ ಸೋಡಿಯಂ ಹೈಪೊಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣವನ್ನು ತೊಟ್ಟಿಗೆ ಸುರಿಯುವುದು. ಅದು ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಜೊತೆಗೆ ನೀರಿನ ಪಿಎಚ್ ಏರಿಸುತ್ತದೆ. ಪಿಎಚ್ 7.5ರ ಸುಮಾರಿಗೆ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ಹೈಪೊಕ್ಲೋರಸ್ ಆಮ್ಲವಾಗಿರುತ್ತದೆ. 6ಕ್ಕೆ ಇಳಿಸಿದರೆ ಬಹುಪಾಲು ಆ ರೂಪದಲ್ಲೇ ಉಳಿಯುತ್ತದೆ, ರೋಗಾಣುಗಳನ್ನು ಕೊಲ್ಲುವ ಕಸುವು ಇರುವುದೂ ಅದಕ್ಕೇ. ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ನೀರಿಗೆ ವಿದ್ಯುತ್ತು ಹಾಯಿಸಿ ಇದೇ ಕ್ಲೋರಿನ್ನನ್ನು ಬೇಕಾದಾಗ, ಬೇಕಾದಷ್ಟೇ ತಯಾರಿಸಿಕೊಳ್ಳುವುದು ಎರಡನೆಯ ದಾರಿ. ಸೋಂಕು ನಿವಾರಣೆಯ ಮಟ್ಟಿಗೆ ನನ್ನ ಒಲವು ಇದರತ್ತ. ಸೋಡಿಯಂ ಸೇರದಿರುವುದೊಂದೇ ಸಾಕಷ್ಟು ದೊಡ್ಡ ಲಾಭ.

ಆದರೆ ಇದೇ ಯಂತ್ರ ನೀರಿಗೆ ಪೋಷಕಾಂಶವನ್ನೂ ತುಂಬುತ್ತದೆಂಬ ಮಾರಾಟದ ಮಾತನ್ನು ನಾನು ಒಪ್ಪಲಾರೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಪಡೆಯುವಾಗ ಜೊತೆಗೆ ಬರುವ ಪೊಟ್ಯಾಸಿಯಂ ಕೆಲವೇ ಮಿಲಿಗ್ರಾಂ. ಟೊಮೆಟೊ ಗಿಡಕ್ಕೆ ಉಣಿಸುವ ದ್ರಾವಣದಲ್ಲಿ ಅದು 200 ಮಿಲಿಗ್ರಾಂ ಮೀರಿರಬೇಕು. ಗಾಳಿಯಲ್ಲಿ ಕಿಡಿ ಹಾರಿಸಿ ಸಾರಜನಕವನ್ನು ನೈಟ್ರೇಟ್ ಆಗಿ ನೀರಿಗಿಳಿಸುವ ಪ್ಲಾಸ್ಮಾ ವಿಧಾನ ನಿಜಕ್ಕೂ ಗೊಬ್ಬರ ಕೊಡುತ್ತದೆ, ನಿಜ. ಆದರೆ 1903ರಲ್ಲಿ ನಾರ್ವೆಯ ಬಿರ್ಕೆಲಾಂಡ್ ಮತ್ತು ಐಡೆ ರೂಪಿಸಿದ, ವಿದ್ಯುತ್ ಕಿಡಿಯಿಂದ ಉರಿಯುವ ಚಾಪ ಕುಲುಮೆ ಇದೇ ಕೆಲಸ ಮಾಡುತ್ತಿತ್ತು, ವಿಪರೀತ ವಿದ್ಯುತ್ತು ನುಂಗುತ್ತಿದ್ದುದರಿಂದಲೇ ಸಾರಜನಕಕ್ಕೆ ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡುವ ಹೇಬರ್-ಬಾಷ್ ವಿಧಾನದೆದುರು ಸೋತಿತು.

ಇನ್ನು ನಿತ್ಯದ ಪಾಡು. ಗಡಸು ನೀರು ಹಾಯ್ದ ಘಟಕವನ್ನು ಬಿಚ್ಚಿದರೆ ಋಣಾಗ್ರದ ತಗಡಿಗೆ ಸುಣ್ಣದ ಬಿಳಿ ಹೆಕ್ಕಳೆ ಮೆತ್ತಿರುತ್ತದೆ. ಧ್ರುವ ಬದಲಿಸಿಯೋ ಆಮ್ಲದಲ್ಲಿ ತೊಳೆದೋ ಅದನ್ನು ಬಿಡಿಸಬೇಕು. ಅಲ್ಲೇ ಹೊಮ್ಮುವ ಹೈಡ್ರೋಜನ್ ಹೊರಹೋಗಲು ಗಾಳಿಯಾಡುವಂತಿರಬೇಕು. ಗೊಬ್ಬರದಲ್ಲಿ ಅಮೋನಿಯಂ ಇದ್ದರೆ ಅದು ಕ್ಲೋರಿನ್ನನ್ನು ಹಿಡಿದು ದುರ್ಬಲ ಕ್ಲೋರಮೈನ್ ಆಗಿಸುತ್ತದೆ. ಬೇರಿನ ಚೂರುಗಳೂ ಲೋಳೆಯೂ ಕ್ಲೋರಿನ್ನನ್ನು ತಿಂದು ಮುಗಿಸುತ್ತವೆ. ನೀರು ಸುತ್ತಿದಷ್ಟೂ, ಕ್ಲೋರಿನ್ನಿನಿಂದಲೇ ಹುಟ್ಟಿ ಗಿಡಕ್ಕೆ ವಿಷವಾಗುವ ಕ್ಲೋರೇಟ್ ಕೂಡಿಕೊಳ್ಳುವ ಅಪಾಯವನ್ನಂತೂ ಯಾರೂ ತಾವಾಗಿ ಹೇಳುವುದಿಲ್ಲ.

ಆದ್ದರಿಂದ ನಾನು ಮೊದಲು ಹಣ ಹಾಕುವುದು ಒಳ್ಳೆಯ ಶೋಧಕಕ್ಕೆ, ಆಮೇಲೆ ವಿದ್ಯುತ್ ಘಟಕಕ್ಕೆ. ಗೊಬ್ಬರವನ್ನು ಕ್ಲೋರಿನ್ ತನ್ನ ಕೆಲಸ ಮುಗಿಸಿದ ನಂತರ ಬೆರೆಸುತ್ತೇನೆ. ಕ್ಲೋರಿನ್ನಿನ ಅಳತೆಯನ್ನು ಯಂತ್ರದ ಬಾಯಲ್ಲಿ ತೆಗೆಯದೆ, ಸಾಲಿನ ಕಟ್ಟಕಡೆಯ ಹನಿಕೆಯಿಂದ ಹಿಡಿದ ನೀರಿಗೆ ಪರೀಕ್ಷೆಯ ಪುಡಿ ಹಾಕಿ, ಅಲ್ಲೂ ಕ್ಲೋರಿನ್ ಉಳಿದಿದೆಯೆಂದು ತೋರುವ ಗುಲಾಬಿ ಬಣ್ಣ ಏಳುತ್ತದೆಯೇ ಎಂದು ನೋಡುತ್ತೇನೆ.