ಹಂಪಮ್ಮ ಊರಿಂದ ಬಂದ ಹೆಸರಲ್ಲ

ಲೇಖನದಲ್ಲಿ ಹಂಪಮ್ಮ ಅಂದ್ರೆ ‘ಹಂಪಿ ಊರಿನವಳು’ ಅಂತ ಬರೆದಿದ್ದೀರಿ. ಅದು ಉಲ್ಟಾ ಆಯ್ತು. ಮೂಲ ಪಂಪಾ: ತುಂಗಭದ್ರೆಯ ಹಳೆ ಹೆಸರು, ವಿರೂಪಾಕ್ಷನ ಮಡದಿ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೇ ಪಂಪೆ ಹಂಪೆ. ಊರಿಗೂ ಹುಡುಗಿಗೂ ಹೆಸರು ಕೊಟ್ಟವಳು ಅದೇ ದೇವಿ. ಗಂಗಾವತಿ, ಕೊಪ್ಪಳ ಕಡೆ ಒಂದೇ ಮನೆಯಲ್ಲಿ ಅಣ್ಣ ಪಂಪಾಪತಿ, ತಂಗಿ ಹಂಪಮ್ಮ ಇರ್ತಾರಲ್ಲ, ಅಣ್ಣನದು ಸಂಸ್ಕೃತ ಸಮಾಸ, ‘ಪ’ ಹಾಗೇ ಉಳೀತು. ತಂಗಿಯದು ಜನರ ಬಾಯಲ್ಲಿ ಸವೆದ ರೂಪ. ನನಗಂತೂ ಸವೆದದ್ದೇ ಚೆಂದ.

ಈಗ ಹೆಸರಿಡೋರು ಎರಡರಲ್ಲಿ ಒಂದನ್ನೇ ಹಿಡೀರಿ. ಜನನ ಪತ್ರದಲ್ಲಿ ಪಂಪಾ, ಶಾಲೆಯಲ್ಲಿ ಹಂಪಮ್ಮ ಅಂತ ಬರೆಸಿದ್ರೆ ಆಧಾರ್ ಹೊತ್ತಿಗೆ ತಾಳೆಯಾಗಲ್ಲ. ಹೆಸರಿಲ್ಲದೆ ಜನನ ನೋಂದಣಿ ಆಗಿದ್ರೆ, 12 ತಿಂಗಳೊಳಗೆ ಸೇರಿಸೋಕೆ ಶುಲ್ಕವಿಲ್ಲ.