ಈಗ ತಾನೇ ಹೋಯ್ತು

ನಮ್ಮ ನೆಂಟರೊಬ್ಬರ ಫೋನಿನಲ್ಲಿ ಒಂದು ಚಿರತೆ ಇದೆ. ಬಂಡೀಪುರದ ರಸ್ತೆ, ಮೂಲೆಹೊಳೆಗೆ ಸ್ವಲ್ಪ ಮೊದಲು. ಎಡಗಡೆ ಪೊದೆಯಿಂದ ಬರುತ್ತದೆ, ಬಲಗಡೆ ಪೊದೆಗೆ ಹೋಗುತ್ತದೆ. ಅಷ್ಟೇ. ಆದರೆ ಗೃಹಪ್ರವೇಶ, ನಾಮಕರಣ, ಕೊನೆಗೆ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ ಆ ಚಿರತೆ ರಸ್ತೆ ದಾಟುತ್ತದೆ. ಹೋದ ವಾರ ಒಂದು ಊಟದ ಮನೆಯಲ್ಲಿ ಮತ್ತೆ ದಾಟಿತು, ಸರಿಯಾಗಿ ನನ್ನ ಎಲೆಗೆ ಒಬ್ಬಟ್ಟು ಬಿದ್ದ ಹೊತ್ತಿಗೆ. ತುಪ್ಪ ಬಡಿಸುವ ಹುಡುಗ ಫೋನಿನ ಕಡೆ ಕಣ್ಣಿಟ್ಟುಕೊಂಡೇ ನನ್ನನ್ನು ದಾಟಿ ಮುಂದೆ ಹೋಗಿಬಿಟ್ಟ. "ಇದಕ್ಕೆಲ್ಲ ಲಕ್ ಬೇಕು ಸ್ವಾಮಿ" ಅಂದರು ನೆಂಟರು. ನಾನು ಒಣ ಒಬ್ಬಟ್ಟು ತಿಂದೆ.

ಲಕ್ ಇಲ್ಲದವರ ಕಷ್ಟ ಅವರಿಗೇನು ಗೊತ್ತು? 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಒಂದಾದರೂ ನನ್ನ ಕಣ್ಣಿಗೆ ಬೀಳಬಾರದೇ? ನಾನು ಹೋಗುವ ಹೊತ್ತಿಗೆ ಎಲ್ಲವೂ 'ಈಗ ತಾನೇ' ಹೋಗಿರುತ್ತವೆ. ಎದುರಿಂದ ಬರುವ ಕಾರಿನವರು ನಿಲ್ಲಿಸಿ, ಕಿಟಕಿ ಇಳಿಸಿ, ಬಹಳ ಸಂತೋಷದಿಂದ ಈ ಸುದ್ದಿ ಹೇಳುತ್ತಾರೆ. ಹೋಗಿದೆ ಅನ್ನುವುದನ್ನು ಇಷ್ಟು ಪ್ರೀತಿಯಿಂದ ಹೇಳುವ ಅಗತ್ಯವೇನು ಅಂತ ನನಗೆ ಗೊತ್ತಾಗಿಲ್ಲ. ನನಗೆ ಕಾಣುವುದೇನಿದ್ದರೂ ಹಿಂಭಾಗ. ಕಡವೆಯ ಬಾಲ, ಕಾಟಿಯ ಬಿಳೀ ಹಿಂಗಾಲು, ಮಾನ ಬಿಟ್ಟು ಓಡುವ ಕಾಡುಹಂದಿ. ನವಿಲು ಮಾತ್ರ ಧಾರಾಳವಾಗಿ ಮುಖ ಕೊಡುತ್ತದೆ. ಆದರೆ ನವಿಲು ಈಗ ಹೊಲ ಗದ್ದೆಯಲ್ಲೆಲ್ಲ ಕೋಳಿಯ ಹಾಗೆ ಓಡಾಡಿಕೊಂಡಿದೆ. ಅದನ್ನು ಹೇಳಿದರೆ ಪಂಕ್ತಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಮುಖ ಕೊಟ್ಟ ದೊಡ್ಡ ಪ್ರಾಣಿ ಒಂದೇ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯ ಆನೆ.

ನಾವು ಬಣ್ಣಾರಿಗೆ ಹೊರಟಿದ್ದೆವು. ನಮ್ಮ ಸೋದರತ್ತೆಗೆ ಬಣ್ಣಾರಿ ಅಮ್ಮನಿಗೆ ಒಪ್ಪಿಸಬೇಕಾದ ಹರಕೆ ಬಾಕಿ ಇತ್ತು. ಭಾವನಿಗೆ ದಿಂಬಂ ಘಾಟಿಯ 27 ತಿರುವುಗಳಲ್ಲಿ ಹೊಸ ಕಾರು ಇಳಿಸಿ ನೋಡುವ ಚಪಲ. ಅಕ್ಕ ಇವರಿಬ್ಬರ ಮಧ್ಯೆ ಶಾಂತಿ ಕಾಪಾಡಲು. ಪುಣಜನೂರು ಚೆಕ್‌ಪೋಸ್ಟ್ ದಾಟಿ, ತಮಿಳುನಾಡಿನೊಳಗೆ ಹೋಗಿ, ಹಾಸನೂರು ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲು ಒಂದು ಕಬ್ಬಿನ ಲಾರಿ, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಒಂದು ದೊಡ್ಡ ಬಿಳೀ ಕಾರು, ಆಮೇಲೆ ನಾವು. ಲಾರಿಯ ಪಕ್ಕದಲ್ಲಿ ಆನೆ.

ಈ ರಸ್ತೆಯ ಆನೆಗಳಿಗೆ ಕಬ್ಬಿನ ಲಾರಿ ಚೆನ್ನಾಗಿ ಗೊತ್ತು. ಹೊರೆ ಎತ್ತರವಾದ ಲಾರಿಗಳು ಚೆಕ್‌ಪೋಸ್ಟಿನ ಹತ್ತಿರ ಒಂದಷ್ಟು ಕಬ್ಬು ಕಿತ್ತು ರಸ್ತೆ ಬದಿಗೆ ಎಸೆಯುತ್ತಿದ್ದವು. ಅದರ ರುಚಿ ಹತ್ತಿತು. ಎಸೆಯುವ ತನಕ ಯಾಕೆ ಕಾಯಬೇಕು ಅಂತ ಈಗ ಲಾರಿಯನ್ನೇ ನಿಲ್ಲಿಸುತ್ತವೆ. ದಿನಕ್ಕೆ 150 ಕಿಲೋ ಮೇವು ಬೇಕಾದ ಪ್ರಾಣಿಗೆ ಇಷ್ಟು ಲೆಕ್ಕಾಚಾರ ಬಾರದೇ ಇರುತ್ತದೆಯೇ?

ನಮ್ಮ ಆನೆಗೆ ಅವಸರವೇ ಇರಲಿಲ್ಲ. ಒಂದು ಜಲ್ಲೆ ಎಳೆಯಿತು. ಸೊಂಡಿಲಿನಲ್ಲಿ ಸುತ್ತಿ ಹಿಡಿದು ಮುಂಗಾಲಿಗೆ ಎರಡು ಸಲ ಬಡಿಯಿತು, ಧೂಳು ಉದುರಲಿ ಅಂತ. ಅಡ್ಡಡ್ಡ ಬಾಯಿಗಿಟ್ಟು ಮುರಿಯಿತು. ಆ ಲಟಕ್ ಸದ್ದು ನಮ್ಮ ಕಾರಿನೊಳಗೂ ಕೇಳಿಸಿತು. ಬಾಯಿಯ ಮೂಲೆಯಿಂದ ರಸ ಸುರಿಯಿತು. ಮತ್ತೊಂದು ಜಲ್ಲೆ. ಮತ್ತೆ ಎರಡು ಬಡಿತ.

"ಕಿವಿ ಅಗಲಿಸಿದರೆ ಅಪಾಯ" ಅಂತ ಭಾವ ಪಾಠ ಶುರು ಮಾಡಿದರು.

"ಅಗಲಿಸ್ತಿದೆ ಅಲ್ವಾ ರೀ?" ಅಂದಳು ಅಕ್ಕ.

"ಅದು ಸೆಕೆಗೆ."

ಹಿಂದಿನ ಸೀಟಿನಲ್ಲಿ ಅತ್ತೆ ಮೊದಲು ಕೈ ಮುಗಿದರು. ಆಮೇಲೆ ಏನೋ ನೆನಪಾಗಿ, ಅಮ್ಮನಿಗೆ ಅಂತ ತಂದಿದ್ದ ಎರಡು ಚಿಪ್ಪು ಪುಟ್ಟಬಾಳೆಯನ್ನು ಸೆರಗಿನ ಕೆಳಗೆ ಸೇರಿಸಿಕೊಂಡರು. "ಅದಕ್ಕೆ ವಾಸನೆ ಗೊತ್ತಾಗತ್ತೆ ಕಣೋ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಮಾತೇನೋ ನಿಜ, ಆನೆಯ ಮೂಗು ಬಹಳ ಚುರುಕು. ಅಷ್ಟು ಹಣ್ಣಾದ ಪುಟ್ಟಬಾಳೆಯಂತೂ ನನ್ನ ಮೂಗಿಗೇ ಬಡಿಯುತ್ತಿತ್ತು. ಭಾವ ಬೆವರಿದರು. ಕಿಟಕಿಯಿಂದ ಆಚೆ ಎಸೆದುಬಿಡಿ ಅಂದರು. ಅತ್ತೆ ಸುತರಾಂ ಒಪ್ಪಲಿಲ್ಲ.

"ದೇವರಿಗೆ ಅಂತ ತಂದಿದ್ದು."

"ಎದುರಿಗೆ ನಿಂತಿರೋದೂ ದೇವರೇ ಅಲ್ವಾ ಅತ್ತೆ? ಗಣಪತಿ!"

"ಹೇಳಿಕೊಂಡಿದ್ದು ಅಮ್ಮನಿಗೆ. ಗಣಪತಿಗೆ ಬೇಕಾದರೆ ಊರಿಗೆ ಹೋಗಿ ಗರಿಕೆ ಏರಿಸ್ತೀನಿ."

ಯಾವ ದೇವರ ಪಾಲು ಮೊದಲು ಅನ್ನುವ ಈ ವ್ಯಾಜ್ಯ ತೀರುವ ಮುಂಚೆಯೇ ಬಿಳೀ ಕಾರಿನ ಬಾಗಿಲು ತೆಗೆಯಿತು. ಒಬ್ಬ ಇಳಿದ. ಹಿಂದೆಯೇ ಇನ್ನೊಬ್ಬ. ಮೂರನೆಯವನು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ, ಜಾತ್ರೆಗೆ ಬಂದವನಂತೆ ನಿಂತ. ಮಗುವಿನ ಕೈಯಲ್ಲಿ ಚಿಪ್ಸ್ ಪೊಟ್ಟಣ. ಎಲ್ಲರೂ ಫೋನ್ ಎತ್ತಿದರು. ಆನೆ ಈ ಕಡೆ ತಿರುಗಲಿಲ್ಲ ಅಂತ ಒಬ್ಬ ಸೀಟಿ ಹೊಡೆದ. ನನಗೆ ಆನೆಯ ಭಯ ಅಲ್ಲಿಗೆ ಹೋಯಿತು, ಮೈ ಉರಿಯಲು ಶುರುವಾಯಿತು. ಗಾಡಿಯಿಂದ ಇಳಿಯಬೇಡಿ, ಪ್ರಾಣಿಗಳಿಗೆ ತಿಂಡಿ ಹಾಕಬೇಡಿ ಅಂತ ಕಾಡಿನ ಉದ್ದಕ್ಕೂ ಬೋರ್ಡ್ ಹಾಕಿರುತ್ತಾರೆ. ಬೋರ್ಡಿನ ಕೆಳಗೇ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಹಂಚುವ ಪುಣ್ಯವಂತರು ಇದ್ದಾರೆ. ಆ ಮಂಗ ನಾಳೆ ಇನ್ನೊಬ್ಬರ ಬ್ಯಾಗಿಗೆ ಕೈ ಹಾಕಿದರೆ ಮಂಗನಿಗೇ ಬೈಗುಳ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗಾಡಿ ಬಿಡುವುದಿಲ್ಲ. ದಿಂಬಂ ರಸ್ತೆಯಲ್ಲೂ 2022ರಿಂದ ರಾತ್ರಿ ತಡೆ ಇದೆ. ಆ ಗೇಟು ಕಂಡರೆ ನನ್ನ ಚಿರತೆ ನೆಂಟರಿಗೆ ಆಗುವುದೇ ಇಲ್ಲ. "ರೋಡ್ ಟ್ಯಾಕ್ಸ್ ಕಟ್ಟೋದು ನಾವಾ, ಅವಾ?" ಅಂತ ಕೇಳುತ್ತಾರೆ. ಇದನ್ನೂ ಅದೇ ಊಟದ ಪಂಕ್ತಿಯಲ್ಲಿ, ಚಿರತೆ ತೋರಿಸಿದ ಮೇಲೆ.

ಇರಲಿ. ಬಸ್ಸಿನ ಕಂಡಕ್ಟರ್ ಹಿಂದಿನ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಆನೆಯನ್ನಲ್ಲ, ಬಿಳೀ ಕಾರಿನವರನ್ನು. "ಹತ್ರೀ ಒಳಗೆ! ಹೆಚ್ಚುಕಮ್ಮಿ ಆದ್ರೆ ಸ್ಟೇಷನ್‌ಗೆ ಸಾಕ್ಷಿ ಹೇಳೋಕೆ ನಾನು ಅಲೀಬೇಕು" ಅಂತ ಗದರಿದ. ಅವರು ಹತ್ತಿದರು. ಅಷ್ಟು ದೊಡ್ಡ ಆನೆಗೆ ಹೆದರದವರು ಸಾಕ್ಷಿಗೆ ಹೆದರಿದರು. ಆಮೇಲೆ ಅವನು ಗಡಿಯಾರ ನೋಡಿಕೊಂಡ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಒಬ್ಬ ಹೆಂಗಸು ನಿದ್ದೆ ಮಾಡುತ್ತಿದ್ದಳು. ಇನ್ನೊಬ್ಬಳು ಹೂ ಕಟ್ಟುತ್ತಿದ್ದಳು. ಕಟ್ಟುವುದನ್ನು ನಿಲ್ಲಿಸದೆ ಒಂದು ಸಲ ಆಚೆ ನೋಡಿ, "ಇನ್ನೂ ಹೋಗಲಿಲ್ವಾ?" ಅಂತ ಕೇಳಿದಳು. ಆಗ ನನಗೆ ಪ್ರಯಾಣದ ಬಗ್ಗೆ, ಪ್ರಾಣಿಗಳ ಬಗ್ಗೆ ಒಂದು ದೊಡ್ಡ ವಿಚಾರ ಹೊಳೆಯಿತು. ಅದನ್ನು ಹೇಳುವುದಕ್ಕೇ ಇದನ್ನೆಲ್ಲ ಶುರು ಮಾಡಿದ್ದು. ಆದರೆ ಅಷ್ಟರಲ್ಲಿ ಆನೆಗೆ ಸಾಕಾಯಿತು. ಕೊನೆಯ ಜಲ್ಲೆಯನ್ನು ದಾರಿ ಖರ್ಚಿಗೆ ಸೊಂಡಿಲಲ್ಲಿ ಹಿಡಿದುಕೊಂಡು ಪೊದೆಯೊಳಗೆ ನಡೆಯಿತು. ಕಂಡಕ್ಟರ್ "ರೈಟ್, ರೈಟ್" ಅಂದ. ಎಲ್ಲರೂ ಒಟ್ಟಿಗೆ ಹಾರನ್ ಹೊಡೆದರು, ವಿಚಾರ ತಪ್ಪಿಹೋಯಿತು.

ಘಾಟಿಯ 27 ತಿರುವುಗಳನ್ನೂ ಭಾವ ಮಾತಿಲ್ಲದೆ ಇಳಿಸಿದರು. ಬಣ್ಣಾರಿಯಲ್ಲಿ ಅತ್ತೆ ಸೆರಗು ತೆಗೆದು ನೋಡಿದರೆ ಪುಟ್ಟಬಾಳೆ ಅಪ್ಪಚ್ಚಿ. ಅರ್ಧ ಸೀರೆಗೆ, ಅರ್ಧ ಹೊಸ ಕಾರಿನ ಸೀಟಿಗೆ. ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಎರಡು ಪಟ್ಟು ಬೆಲೆಗೆ ಬೇರೆ ಹಣ್ಣು ತೆಗೆದುಕೊಳ್ಳಬೇಕಾಯಿತು.

"ಎಲ್ಲ ನಿಮ್ಮ ಆನೆಯಿಂದ ಆಗಿದ್ದು. ದುಡ್ಡು ನೀವೇ ಕೊಡಿ ಅಳಿಯಂದ್ರೇ" ಅಂದರು ಅತ್ತೆ.

ಭಾವ ಕೊಟ್ಟರು. ಆನೆ ತನ್ನದು ಹೇಗಾಯಿತು ಅಂತ ಅಕ್ಕನನ್ನು ಇನ್ನೂ ಕೇಳುತ್ತಿರುತ್ತಾರೆ.