80 ಎಚ್‌ಪಿ ಬೇಡ ಮಾರಾಯ್ರೆ, ಬೆಚ್ಚಗಿನ ಕ್ಯಾಬ್ ಇರಲಿ

"ಅಷ್ಟು ದುಡ್ಡಿಗೆ ಒಂದು ಥಾರ್ ಬರ್ತಿತ್ತಲ್ಲೋ ಮಾರಾಯ!"

ನಮ್ಮ ಅಪ್ಪಯ್ಯನ ಮೊದಲ ಮಾತು ಇದು. ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತಿನಿಂದ ತೀರ್ಥಹಳ್ಳಿಗೆ ವಿಡಿಯೋ ಕಾಲ್ ಮಾಡಿ ಹೊಸ ಗಾಡಿ ತೋರಿಸುತ್ತಿದ್ದೆ. ಹೊಸದು ಅಂದರೆ ನನಗೆ ಹೊಸದು, ಅಷ್ಟೇ. ಯಾರೋ ಆರು ವರ್ಷ ಓಡಿಸಿ ಮಾರಿದ್ದು. ಬೆಲೆಯನ್ನು ಡಾಲರಿನಲ್ಲಿ ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡರೆ, ಅವರು ಆಗಲೇ ಮನಸ್ಸಿನಲ್ಲೇ ಗುಣಿಸಿ ಹದಿನೈದು ಲಕ್ಷ ಅಂತ ಲೆಕ್ಕ ಹಾಕಿಬಿಟ್ಟಿದ್ದರು. ಕ್ಯಾಬ್, ಅಂದರೆ ಓಡಿಸುವವನು ಕೂರುವ ಮುಚ್ಚಿದ ಗೂಡು, ಅದರ ಸಮೇತ ಹೊಸ ಗಾಡಿ ತಗೊಂಡರೆ 25-30 ಸಾವಿರ ಡಾಲರ್ ದಾಟುತ್ತದೆ ಅಂತ ನಾನು ಹೇಳಲಿಲ್ಲ. ಸುಮ್ನೆ ಯಾಕೆ ಅವರ ಬಿಪಿ ಏರಿಸೋದು?

ಗಾಡಿ ಎಂಥದ್ದು ಅಂದರೆ, ಜೀಪಿಗಿಂತ ಚಿಕ್ಕದು, ಟಿಲ್ಲರ್‌ಗಿಂತ ದೊಡ್ಡದು. ಅಕ್ಕಪಕ್ಕ ಇಬ್ಬರು ಕೂರಬಹುದು, ಅದಕ್ಕೇ ಇಲ್ಲಿ ಸೈಡ್ ಬೈ ಸೈಡ್ ಅಂತಾರೆ. ಸ್ಟೇರಿಂಗ್ ಇದೆ, ಫೋರ್ ವೀಲ್ ಇದೆ, ಹಿಂದೆ ಟಿಪ್ಪರ್ ಥರ ಎತ್ತಿ ಸುರಿಯುವ ಪುಟ್ಟ ತೊಟ್ಟಿ ಇದೆ. ಸೌದೆ ಹೊರುತ್ತೆ, ಜಲ್ಲಿ ಹೊರುತ್ತೆ, ಚಳಿಗಾಲದಲ್ಲಿ ಮುಂದೆ ಬ್ಲೇಡು ಕಟ್ಟಿದರೆ ಹಿಮ ತಳ್ಳುತ್ತೆ.

ನನಗೆ ಬೇಕಾಗಿದ್ದು ಮುಖ್ಯವಾಗಿ ಕೊನೆಯದಕ್ಕೆ. ನಮ್ಮ ಮನೆ ಊರಿನಿಂದ ಸ್ವಲ್ಪ ಹೊರಗೆ. ರಸ್ತೆಯಿಂದ ಮನೆಬಾಗಿಲಿಗೆ 800 ಅಡಿ ಜಲ್ಲಿ ದಾರಿ. 2022-23ರ ಚಳಿಗಾಲದಲ್ಲಿ ಡುಲೂತಿನಲ್ಲಿ 140.1 ಇಂಚು ಹಿಮ ಬಿತ್ತು, ಈ ಊರಿನ ದಾಖಲೆ ಅದು. ಹನ್ನೊಂದೂವರೆ ಅಡಿಗಿಂತ ಜಾಸ್ತಿ! ಆಗುಂಬೆ ಪಕ್ಕದಲ್ಲೇ ಬೆಳೆದವನಿಗೆ ಮಳೆಯ ಲೆಕ್ಕ ಹೇಳಿ ಹೆದರಿಸಲು ಆಗುವುದಿಲ್ಲ, ಆದರೆ ಮಳೆ ಎಷ್ಟೇ ಹೊಡೆದರೂ ಹರಿದು ಹಳ್ಳ ಸೇರುತ್ತದೆ. ಹಿಮ ಬಿದ್ದಲ್ಲೇ ಕೂರುತ್ತದೆ. ಆ ವರ್ಷ ದಾರಿ ಬಿಡಿಸಲು ಒಬ್ಬರಿಗೆ ಮುಂಗಡ ಕೊಟ್ಟಿದ್ದೆ. ಮೂರು ಸಲ ಬಂದರು, ನಾಲ್ಕನೇ ಸಲ ಫೋನೇ ಎತ್ತಲಿಲ್ಲ. ಹಿಮ ಎಸೆಯುವ ಸ್ನೋ ಬ್ಲೋವರ್ ಯಂತ್ರ ಹಿಡಿದು ಆ 800 ಅಡಿ ನಡೆಯಲು ಎರಡೂವರೆ ಗಂಟೆ ಬೇಕಿತ್ತು. ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಶುರು ಮಾಡಿದ ಕಡೆ ಮತ್ತೆ ಬೆಳ್ಳಗಾಗಿರುತ್ತಿತ್ತು.

ಸರಿ, ಗಾಡಿ ತಗೊಳ್ಳೋಣ ಅಂತ ಹೊರಟೆ. ಇಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು ಎಚ್‌ಪಿ. ಪೊಲಾರಿಸ್ ರೇಂಜರ್ ಎಕ್ಸ್‌ಪಿ 1000 ಅಂದರೆ 999 ಸಿಸಿ, 82 ಎಚ್‌ಪಿ. ಕ್ಯಾನ್-ಆ್ಯಮ್ ಡಿಫೆಂಡರ್ ಎಚ್‌ಡಿ10 ಕೂಡ 82. ಜಾನ್ ಡೀರ್ ಗೇಟರ್ 835 ಅಂದರೆ 54. ಪೊಲಾರಿಸ್ ಈ ಮಿನ್ನೆಸೋಟಾದ್ದೇ ಕಂಪನಿ. ಕೆನಡಾ ಗಡಿ ಹತ್ತಿರದ ರೋಸೋ ಅನ್ನೋ ಸಣ್ಣ ಊರಲ್ಲಿ 1954ರಲ್ಲಿ ಶುರುವಾಗಿದ್ದು. ಹಾಗಾಗಿ ನಮ್ಮ ಕಡೆ ಅದಕ್ಕೆ ಮನೆಮಗನ ಮರ್ಯಾದೆ. ಗಂಟೆಗೆ 60 ಮೈಲಿ ಓಡುತ್ತೆ ಅಂತ ಶೋರೂಮಿನ ಹುಡುಗ ಕಣ್ಣರಳಿಸಿ ಹೇಳಿದ. ಅಲ್ಲ ಮಾರಾಯ್ರೆ, ನಾನು ಹಿಮ ತಳ್ಳುವುದು ಹೆಚ್ಚೆಂದರೆ 5-6 ಮೈಲಿ ವೇಗದಲ್ಲಿ. ಉಳಿದ 54 ಮೈಲಿ ಇಟ್ಟುಕೊಂಡು ಏನು ಮಾಡಲಿ?

ಅಪ್ಪಯ್ಯನ ಎರಡನೇ ಪ್ರಶ್ನೆ ಬೇರೆಯೇ ಇತ್ತು. "ಕೆಟ್ಟರೆ ಅಲ್ಲಿ ಯಾರು ಬಿಚ್ಚುತ್ತಾರೆ?"

ನಮ್ಮೂರಲ್ಲಿ ಗಾಡಿ ತಗೊಳ್ಳುವಾಗ ಕೇಳುವುದೇ ಇದನ್ನ. ಯಾವ ಗ್ಯಾರೇಜಿನವನಿಗೆ ಇದು ಗೊತ್ತು, ಪಾರ್ಟ್ಸು ಶಿವಮೊಗ್ಗದಲ್ಲಿ ಸಿಗುತ್ತೋ ಇಲ್ಲವೋ, ಪಟ್ಟ ಮುರಿದರೆ ಅವತ್ತೇ ಹಾಕಿಕೊಡುತ್ತಾನೋ. ತೋಟಕ್ಕೆ ಹೋಗುವ ಹಳೇ ಜೀಪುಗಳು ಇನ್ನೂ ಬದುಕಿರುವುದು ಹೀಗೆ ಕೇಳಿ ತಗೊಂಡಿದ್ದರಿಂದಲೇ. ಇಲ್ಲಿ ಈ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ನವೆಂಬರ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಆಗ ಡೀಲರ್ ಮೂರು ವಾರ ಕಾಯಿರಿ ಅನ್ನುತ್ತಾನೆ. ಅದಕ್ಕೇ ನಾನು ಮೊದಲು ನಕ್ಷೆ ತೆಗೆದು 20 ಮೈಲಿ ಒಳಗೆ ಯಾರ ವರ್ಕ್‌ಶಾಪ್ ಇದೆ ಅಂತ ನೋಡಿದೆ. ಅಲ್ಲಿಗೇ ಪಟ್ಟಿಯಲ್ಲಿ ಅರ್ಧ ಗಾಡಿಗಳು ಹೋದವು.

ಉಳಿದದ್ದರಲ್ಲಿ ಬಹುಪಾಲನ್ನು ಕಳೆದಿದ್ದು ಬೆಲ್ಟು. ಈ ಜಾತಿಯ ಬಹುಪಾಲು ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಶಕ್ತಿ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ. ನಮ್ಮ ಆ್ಯಕ್ಟಿವಾದಲ್ಲಿ ಇದೆಯಲ್ಲ, ಅದೇ ತಂತ್ರ, ಸ್ವಲ್ಪ ದೊಡ್ಡದು. ಓಡಾಡಲು ಏನೂ ತೊಂದರೆ ಇಲ್ಲ. ಆದರೆ ನಿಧಾನಕ್ಕೆ, ಭಾರ ತಳ್ಳುತ್ತಾ, ಹಿಂದೆ ಮುಂದೆ ಹಿಂದೆ ಮುಂದೆ ಅಂತ ನೂರು ಸಲ ಮಾಡಿದರೆ ಬೆಲ್ಟು ಪುಲ್ಲಿಯ ಮೇಲೆ ಜಾರಿ ಕಾಯುತ್ತದೆ. ಲೋ ಗೇರಿನಲ್ಲೇ ಇರಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಪಕ್ಕದ ಮನೆಯ ಅಜ್ಜ ಪುಸ್ತಕ ಓದುವವರಲ್ಲ. ಮಾರ್ಚಿನ ಒದ್ದೆ ಹಿಮವನ್ನು, ನೀರು ಕುಡಿದ ಅವಲಕ್ಕಿ ಥರ ಭಾರ ಅದು, ಹೈ ಗೇರಿನಲ್ಲಿ ತಳ್ಳಲು ಹೋಗಿ ಬೆಲ್ಟು ಸುಟ್ಟುಕೊಂಡರು. ಟೈರು ಸುಟ್ಟ ವಾಸನೆ ನಮ್ಮ ಅಂಗಳದವರೆಗೂ ಬಂತು.

ಹಾಗಾಗಿ ಬೆಲ್ಟಿಲ್ಲದ್ದು ಬೇಕು ಅಂತ ನಿರ್ಧಾರ ಮಾಡಿದೆ. ಹೋಂಡಾ ಪಯೋನಿಯರ್ 1000ಕ್ಕೆ ಕಾರಿನ ಥರ ನಿಜವಾದ ಗೇರುಗಳಿವೆ, ಚೆನ್ನಾಗಿತ್ತು. ಆದರೆ ಕೊನೆಗೆ ತಗೊಂಡಿದ್ದು ಕುಬೋಟಾ ಆರ್‌ಟಿವಿ-ಎಕ್ಸ್1100ಸಿ. ಮೂರು ಸಿಲಿಂಡರಿನ 1,123 ಸಿಸಿ ಡೀಸೆಲ್, 25 ಎಚ್‌ಪಿಗೂ ಒಂದು ಚೂರು ಕಡಿಮೆ, ಗಂಟೆಗೆ 30 ಮೈಲಿಯೂ ಓಡುವುದಿಲ್ಲ. ಬೆಲ್ಟಿನ ಬದಲು ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರೋಸ್ಟಾಟಿಕ್. ಪೆಡಲ್ ಒತ್ತಿದಷ್ಟು ಹೋಗುತ್ತೆ, ಬಿಟ್ಟರೆ ನಿಲ್ಲುತ್ತೆ. ಎಮ್ಮೆ ನಡಿಗೆ. ಎಮ್ಮೆ ಬಲ.

ಅದಕ್ಕಿಂತ ಮುಖ್ಯವಾಗಿ, ಕಂಪನಿಯಿಂದಲೇ ಬಂದ ಕ್ಯಾಬ್. ಗಾಜಿನ ಮುಂಭಾಗ, ವೈಪರ್, ಹೀಟರ್. ಬೇರೆ ಗಾಡಿಗೆ ಆಮೇಲೆ ಕ್ಯಾಬ್ ಹಾಕಿಸಬಹುದು, ಅಗ್ಗವೆಂದು ಪ್ಲಾಸ್ಟಿಕ್ ಗಾಜೂ ಹಾಕಿಸಬಹುದು, ಆದರೆ ಸಾಮಾನ್ಯ ಪ್ಲಾಸ್ಟಿಕ್ಕಿಗೆ ವೈಪರ್ ಆಡಿಸಿದರೆ ಒಂದೇ ಚಳಿಗಾಲಕ್ಕೆ ಗೀರು ಬಿದ್ದು ಮಂಜಾಗುತ್ತದೆ. ಇಲ್ಲೇ ನಾನು ನಮ್ಮೂರ ದಾರಿ ಬಿಟ್ಟೆ. ನಾವು ಗಾಡಿಯ ಬಗ್ಗೆ ಎಲ್ಲ ಯೋಚಿಸುತ್ತೇವೆ, ಓಡಿಸುವವನ ಮೈ ಬಗ್ಗೆ ಯೋಚಿಸುವುದಿಲ್ಲ. ಮಳೆಗಾಲದಲ್ಲಿ ಜೀಪಿನ ಹರಿದ ಹುಡ್ಡಿನಿಂದ ನೀರು ತೊಡೆ ಮೇಲೆ ಸುರಿಯುತ್ತಿದ್ದರೂ "ಸ್ವಲ್ಪ ಒದ್ದೆಯಾದ್ರೆ ಎಂತ ಆಗ್ತದೆ" ಅಂತ ಓಡಿಸುತ್ತೇವೆ. ಅಲ್ಲಿ ನಡೆಯುತ್ತೆ. ಇಲ್ಲಿ ಬೆಳಗಿನ ಐದು ಗಂಟೆಗೆ ಮೈನಸ್ 28 ಇರುವಾಗ ಕ್ಯಾಬ್ ಇಲ್ಲದ 82 ಎಚ್‌ಪಿ ಗಾಡಿಗಿಂತ ಕ್ಯಾಬ್ ಇರುವ 25 ಎಚ್‌ಪಿ ಗಾಡಿ ಜಾಸ್ತಿ ಕೆಲಸ ಮಾಡುತ್ತದೆ. ಯಾಕೆಂದರೆ ಓಡಿಸುವವನು ಅರ್ಧಕ್ಕೆ ಒಳಗೆ ಓಡಿ ಬರುವುದಿಲ್ಲ.

ಮಧ್ಯೆ ಒಂದು ಮಾತು. ಹುಡುಕುವಾಗ ಒಂದು ಶೋರೂಮಿನ ಮೂಲೆಯಲ್ಲಿ ನಮ್ಮ ಮಹೀಂದ್ರಾ ಜೀಪು ನಿಂತಿತ್ತು! ರಾಕ್ಸರ್ ಅಂತ ಹೆಸರು. 2018ರಲ್ಲಿ ಮಹೀಂದ್ರಾದವರು ಮಿಷಿಗನ್‌ನಲ್ಲಿ ಜೋಡಿಸಿ ಮಾರಲು ಶುರು ಮಾಡಿದ್ದು, 2.5 ಲೀಟರ್ ಡೀಸೆಲ್, ಕೈ ಗೇರು, ರಸ್ತೆಗಲ್ಲ, ತೋಟ ಕಾಡಿಗೆ ಅಂತ. ಮುಖ ತಮ್ಮ ಜೀಪಿನ ಥರ ಇದೆ ಅಂತ ಫಿಯಟ್ ಕ್ರೈಸ್ಲರ್‌ನವರು ಕೇಸು ಹಾಕಿದರು, ಮಹೀಂದ್ರಾದವರು ಮುಖ ಬದಲಿಸಬೇಕಾಯ್ತು. ಒಳಗೆ ಕೂತು ಗೇರು ಹಿಡಿದೆ. ಕಣ್ಣು ಮುಚ್ಚಿದರೆ ಕೊಪ್ಪದ ಘಾಟಿ. ಹತ್ತು ನಿಮಿಷ ಕೂತು ಇಳಿದೆ. ಅಲ್ಲಿದ್ದದ್ದಕ್ಕೆ ಬಾಗಿಲೇ ಇರಲಿಲ್ಲ.

ಡೀಸೆಲ್ ತಗೊಂಡ ಮೇಲೆ ಪೆಟ್ಟೂ ತಿಂದೆ, ಅದು ನನ್ನದೇ ತಪ್ಪು. ಸೆಪ್ಟೆಂಬರ್‌ನಲ್ಲಿ ತುಂಬಿಸಿಟ್ಟ ಕ್ಯಾನಿನ ಡೀಸೆಲನ್ನು ಜನವರಿಯಲ್ಲಿ ಹಾಕಿದೆ. ಗಾಡಿ ಎರಡು ನಿಮಿಷ ಓಡಿ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆ ಬೆಳ್ಳಗೆ ಮೇಣ. ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿ ನೆನಪಿದೆ ಅಲ್ವಾ, ಅದೇ ಕಥೆ. ಡೀಸೆಲಿನಲ್ಲಿ ಮೇಣದ ಅಂಶ ಇರುತ್ತದೆ, ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಇಲ್ಲಿ ಬೇಸಿಗೆಯದು ನಂಬರ್ 2, ಕಡು ಚಳಿಗೆ ನಂಬರ್ 1 ಬೆರೆಸಿದ್ದು ಹಾಕಬೇಕು. ಎಂಜಿನ್ ಬೆಚ್ಚಗಿಡಲು ರಾತ್ರಿ ಬ್ಲಾಕ್ ಹೀಟರ್ ಅನ್ನೋ ಕರೆಂಟ್ ಹೀಟರ್ ಪ್ಲಗ್ ಹಾಕಬೇಕು. ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಸುಮ್ನೆ ಓಡಲು ಬಿಡಬೇಕು, ಹೈಡ್ರಾಲಿಕ್ ಎಣ್ಣೆಯೂ ಚಳಿಗೆ ಬೆಲ್ಲದ ಪಾಕದ ಥರ ಆಗಿರುತ್ತದೆ. ಆತುರದವರು ಪೆಟ್ರೋಲ್ ಗಾಡಿಯನ್ನೇ ತಗೊಳ್ಳಿ.

ಬ್ಲೇಡು ನೂಕುವುದೂ ಒಂದು ವಿದ್ಯೆ. ಮೊದಲ ಹಿಮಕ್ಕೆ ನೆಲ ಇನ್ನೂ ಗಟ್ಟಿಯಾಗಿರುವುದಿಲ್ಲ, ಬ್ಲೇಡನ್ನು ನೆಲಕ್ಕೆ ತಾಗಿಸಿ ಓಡಿಸಿದರೆ ಹಿಮಕ್ಕಿಂತ ಜಲ್ಲಿಯೇ ಜಾಸ್ತಿ ಬಂದು, ಏಪ್ರಿಲ್‌ನಲ್ಲಿ ಹುಲ್ಲಿನೊಳಗೆ ಒಂದೊಂದೇ ಕಲ್ಲು ಆರಿಸುತ್ತಾ ಕೂರಬೇಕಾಗುತ್ತದೆ. ಒಂದು ಇಂಚು ಎತ್ತಿ ಹಿಡಿಯಿರಿ. ಡಿಸೆಂಬರ್‌ನಲ್ಲೇ ಬೇಕಾದ್ದಕ್ಕಿಂತ ಎರಡು ಮಾರು ಆಚೆ ತಳ್ಳಿ. ಬದಿಗೆ ಒಟ್ಟಿದ ಹಿಮದ ದಂಡೆ ಕಲ್ಲಾದ ಮೇಲೆ ಅದನ್ನು ಯಾವ ಗಾಡಿಯೂ ಸರಿಸುವುದಿಲ್ಲ, ಫೆಬ್ರವರಿ ಹೊತ್ತಿಗೆ ದಾರಿ ಕಾಲುದಾರಿಯಾಗುತ್ತದೆ. ಎಲ್ಲ ಮುಗಿಸಿದೆ ಅನ್ನುವಾಗ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ದೊಡ್ಡ ಲಾರಿ ಬಂದು ರಸ್ತೆಯ ಹಿಮವನ್ನೆಲ್ಲ ನಿಮ್ಮ ಗೇಟಿನ ಬಾಯಿಗೆ ಒಟ್ಟಿ ಹೋಗುತ್ತದೆ. ಅದನ್ನು ವಾಪಸ್ ರಸ್ತೆಗೆ ತಳ್ಳೋಣ ಅಂದರೆ ಮಿನ್ನೆಸೋಟಾದಲ್ಲಿ ಅದು ಕಾನೂನಿಗೆ ವಿರುದ್ಧ.

ಸೀಟ್ ಬೆಲ್ಟ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಇಲ್ಲಿಯವನಾಗಿದ್ದೇನೆ. ಇಳಿಜಾರಿನಲ್ಲಿ ಇವು ಮಗುಚುತ್ತವೆ, ತಲೆಯ ಮೇಲೆ ಕಬ್ಬಿಣದ ಕಟ್ಟು ಇರುವುದೇ ಅದಕ್ಕೆ, ಬೆಲ್ಟ್ ಹಾಕದಿದ್ದರೆ ಆ ಕಟ್ಟೇ ಮೈಮೇಲೆ ಬೀಳುತ್ತದೆ. ನಮ್ಮಲ್ಲಿ ಟಿಲ್ಲರ್ ಟ್ರೇಲರ್ ಮೇಲೆ ಹತ್ತು ಜನ ಕೂತು ಧರೆ ಅಂಚಿನಲ್ಲಿ ಹೋಗುವುದು ನೋಡಿದರೆ ಈಗ ಎದೆ ಝಲ್ ಅನ್ನುತ್ತೆ. ಹೇಳಿದರೆ "ಅಮೆರಿಕಕ್ಕೆ ಹೋಗಿ ಹೆದರುಪುಕ್ಕಲ ಆದ" ಅಂತಾರೆ. ಅನ್ನಲಿ.

ಇಷ್ಟೆಲ್ಲ ಆಗಿಯೂ ಹೋದ ವರ್ಷ ಗೇಟಿನ ಹತ್ತಿರದ ಏರಿನಲ್ಲಿ, ಮಂಜುಗಡ್ಡೆ ಮೇಲೆ, ನಾಲ್ಕೂ ಗಾಲಿ ತಿರುಗುತ್ತಾ ಗಾಡಿ ಹಿಂದಕ್ಕೆ ಜಾರಿತು. ಡೀಲರ್‌ನನ್ನು ಕೇಳಿದರೆ ಗಾಲಿ ಬಿಚ್ಚಿ, ಯುದ್ಧದ ಟ್ಯಾಂಕಿಗೆ ಇರುತ್ತಲ್ಲ, ಆ ಥರದ ರಬ್ಬರ್ ಟ್ರ್ಯಾಕ್ ಹಾಕಿಸಿ ಅಂದ. ಅದರ ಬೆಲೆಗೆ ಇನ್ನೊಂದು ಹಳೇ ಗಾಡಿ ಬರುತ್ತೆ. ಅಪ್ಪಯ್ಯನಿಗೆ ಹೇಳಿದೆ. ಅವರು ಎಲೆ ಅಡಿಕೆ ಉಗಿದು ಬಂದು, "ಚೈನ್ ಹಾಕಾ. ಜೀಪಿಗೆ ಮಳೆಗಾಲದಲ್ಲಿ ಎಂತ ಹಾಕ್ತಿದ್ವಿ?" ಅಂದರು.

ಅಯ್ಯೋ, ಹೌದಲ್ಲ!

ಹಿಂದಿನ ಎರಡು ಗಾಲಿಗೆ ಚೈನ್ ತರಿಸಿದೆ. ನವೆಂಬರ್‌ನ ಒಂದು ಭಾನುವಾರ ಗ್ಯಾರೇಜಿನಲ್ಲಿ ಮಂಡಿಯೂರಿ ಕೂತು, ಫೋನನ್ನು ಬಕೆಟ್‌ಗೆ ಒರಗಿಸಿಟ್ಟು ಹಾಕಲು ಶುರು ಮಾಡಿದೆ. ಅಲ್ಲಿ ರಾತ್ರಿ ಹತ್ತು ಗಂಟೆ. "ಒಳಗಿನ ಕೊಂಡಿ ಮೊದಲು. ಅದು ಕೂತ ಮೇಲೆ ಹೊರಗಿಂದು. ಈಗ ಎರಡು ಮಾರು ಮುಂದೆ ಬಿಟ್ಕಂಡು ಬಾ, ಮತ್ತೆ ಬಿಗಿ ಮಾಡು. ಅಷ್ಟು ಸಡ್ಲ ಇದ್ರೆ ಮಡ್‌ಗಾರ್ಡ್ ಕಿತ್ಕಂಡು ಹೋಗ್ತದೆ, ಕಾಣ್ತಾ ಇಲ್ವನಾ?"